ಗವ್ರಿಲನ ಕಿಟಕಿಯ ಮುಂದೆ ನಾಲ್ಕು ಟೈರು

ಫೆದೋಸ್ಯಾ ಒಂದು ಸಲ ಮನಸ್ಸು ಮಾಡಿದಳೆಂದರೆ ಮುಗಿಯಿತು. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು. ಆ ಬೆಳಿಗ್ಗೆ ಚಹಾ ಕುಡಿದು, ಒಣಮೀನಿನ ತುಂಡೊಂದನ್ನು ದವಡೆಗೆ ಒತ್ತರಿಸಿ, ಮೊಣಕಾಲ ತನಕ ರಬ್ಬರ್ ಬೂಟು ಏರಿಸಿದಳು. ತೀರಿಹೋದ ಗಂಡನ ಹತಾರದ ಡಬ್ಬಿಯನ್ನೂ ಗಾಳಿ ಪಂಪನ್ನೂ ತನ್ನ ಹೋಂಡಾದ ಹಿಂದೆ ಬಿಗಿದು, ಊರಿನ ಹಲಗೆ ಹಾದಿಯ ಮೇಲೆ ದಡಬಡ ಸದ್ದು ಮಾಡುತ್ತ ಬಂದು ಗವ್ರಿಲನ ಮನೆಯ ಮುಂದೆ ಇಳಿದಳು. ನಮ್ಮಲ್ಲಿ ನಾಲ್ಕು ದಪ್ಪ ಚಕ್ರದ ಗಾಡಿಗೆಲ್ಲ ಹೋಂಡಾ ಎಂದೇ ಹೆಸರು, ಮಾಡಿದವರು ಯಾರಾದರೂ ಸರಿ. ಉತ್ತರದ ಹಿಮನಾಡಿನ ಕುಸ್ಕೊಕ್ವಿಮ್ ನದಿ ದಂಡೆಯ ಈ ಜವುಗು ನೆಲದಲ್ಲಿ ಅದಿಲ್ಲದವನಿಗೆ ಕಾಲಿಲ್ಲ ಎಂದೇ ಲೆಕ್ಕ.

ಗವ್ರಿಲನ ಮಗಳು ಮಾವ್ರಾ ಬಾಗಿಲಲ್ಲಿ ಬಟ್ಟೆ ಹಿಂಡುತ್ತಿದ್ದಳು.

"ನಿಮ್ಮಪ್ಪ ಎಲ್ಲೇ?"

"ಇನ್ನೆಲ್ಲಿ ಅತ್ತೆ, ಕಿಟಕಿ ಹತ್ರ. ಎದ್ದೋನು ಅಲ್ಲೇ ಕೂತ."

"ಏನಾದ್ರೂ ಮಾತಾಡಿದ್ನಾ?"

ಮಾವ್ರಾ ತಲೆ ಅಲ್ಲಾಡಿಸಿದಳು. "ಚಹಾ ಬೇಕಾ ಅಂದ್ರೆ ಹೂಂ. ಸಾಕಾ ಅಂದ್ರೆ ಹೂಂ. ಅಷ್ಟೇ."

"ಜಗುಲಿ ಕೆಳಗಿರೋ ಟೈರು ಈಚೆ ಎಳಿ. ಇವತ್ತು ಹಾಕ್ಬಿಡ್ತೀನಿ."

"ಅಪ್ಪ ಬೇಡ ಅಂದ್ರೆ?"

"ಬೇಡ ಅನ್ನಲಿ. ಅದೂ ಒಂದು ಮಾತೇ ಅಲ್ವೇನೇ!"

ಇಲ್ಲಿ ಒಂದು ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮಲ್ಲಿ ಒಬ್ಬರ ತಪ್ಪನ್ನು ಇನ್ನೊಬ್ಬರು ಮುಖಕ್ಕೆ ಹೊಡೆದಂತೆ ಹೇಳುವುದಿಲ್ಲ. ನೊಂದ ಮನಸ್ಸು ಒಳ್ಳೆಯದಲ್ಲ, ಅದು ಊರಿಗೇ ಆಗಿಬರುವುದಿಲ್ಲ ಎಂದು ಹಿರಿಯರು ಕಲಿಸಿದ್ದಾರೆ. ಹಾಗಾದರೆ ತಪ್ಪು ತಿದ್ದುವವರು ಯಾರು? ಸೋದರತ್ತೆಯ ಮಕ್ಕಳು, ಸೋದರಮಾವನ ಮಕ್ಕಳು. ಅವರಿಗೆ ಎಲ್ಲ ಮಾಫಿ. ಮೀನು ಸರಿಯಾಗಿ ಸೀಳದಿದ್ದರೆ, ಗಂಡ ಹೆಂಡತಿ ಜಗಳ ಬೀದಿಗೆ ಕೇಳಿಸಿದರೆ, ಜಂಬ ಜಾಸ್ತಿಯಾದರೆ, ಅವರು ನಾಲ್ಕು ಜನರೆದುರು ಗೇಲಿ ಮಾಡಿ ಮಾನ ಹರಾಜು ಹಾಕುತ್ತಾರೆ. ಹಾಕಿಸಿಕೊಂಡವರು ಸಿಟ್ಟಾಗುವಂತಿಲ್ಲ; ನಕ್ಕು, ತಿರುಗಿ ಒಂದು ಕೊಡಬೇಕು. ಒಬ್ಬರು ಗಂಡು ಇನ್ನೊಬ್ಬರು ಹೆಣ್ಣಾದರೆ ಒಬ್ಬರನ್ನೊಬ್ಬರು 'ನನ್ನ ಪುಟ್ಟ ಗಂಡ', 'ನನ್ನ ಪುಟ್ಟ ಹೆಂಡ್ತಿ' ಎಂದು ಕರೆದುಕೊಂಡೇ ಕಾಲೆಳೆಯುವುದು. ನಿಜವಾಗಿ ಕಟ್ಟಿಕೊಂಡವರು ಪಕ್ಕದಲ್ಲೇ ಕೂತು ನಗುತ್ತಿರುತ್ತಾರೆ.

ಗವ್ರಿಲ ಫೆದೋಸ್ಯಾಳ ಸೋದರತ್ತೆ ಮಗ. ಅವನ ಗೇಲಿಯೆಂದರೆ ಊರಿಗೆ ಊರೇ ಕಿವಿ ನಿಮಿರಿಸುತ್ತಿತ್ತು. ಒಂದು ಚಳಿಗಾಲ ಸೋಪು ಮುಗಿದು, ಅಂಗಡಿಯಲ್ಲೂ ಇಲ್ಲದೆ, ಫೆದೋಸ್ಯಾ ಟೈರಿನ ಅಂಚು ಜಾರಲೆಂದು ಸೀಲ್ ಪ್ರಾಣಿಯ ಕೊಬ್ಬಿನೆಣ್ಣೆ ಸವರಿ ಕೂರಿಸಿದ್ದಳು. ಸಲೀಸಾಗಿ ಕೂತಿತು, ಅವಳು ಬೀಗಿದಳು. ಬೆಳಗಾಗುವಷ್ಟರಲ್ಲಿ ಊರಿನ ಜಾರುಬಂಡಿ ಎಳೆಯುವ ನಾಯಿಗಳೆಲ್ಲ ಸೇರಿ ಟೈರನ್ನು ಕಡಿದು ಚಿಂದಿ ಮಾಡಿದ್ದವು! ಗವ್ರಿಲ ಬಿಟ್ಟಾನೆಯೇ? ಮದುವೆಯಿರಲಿ, ಸಾವಿನ ಊಟವಿರಲಿ, "ನನ್ನ ಪುಟ್ಟ ಹೆಂಡ್ತಿ ಅಡುಗೆನಾ? ಟೈರ್ ಬೇಯಿಸಿದ್ರೆ ಬೆರಳು ಚೀಪ್ಕೋಬೇಕು, ಬೇಕಾದ್ರೆ ನಾಯಿಗಳ್ನ ಕೇಳಿ" ಎನ್ನುತ್ತಿದ್ದ. ಅವನ ಹೆಂಡತಿ ಅನೀಸ್ಯಾ ಒಲೆಯ ಹತ್ತಿರದಿಂದ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅನೀಸ್ಯಾಳ ನಗು ಮೊದಲು ಸದ್ದಿಲ್ಲದೆ ಶುರುವಾಗಿ, ಕೊನೆಗೆ ಕೆಮ್ಮು ಬಂದು, ಕಣ್ಣೊರೆಸಿಕೊಳ್ಳುವಲ್ಲಿಗೆ ಮುಟ್ಟುತ್ತಿತ್ತು. "ನಿನ್ನ ಗಂಡನ್ನ ನೀನೇ ಕರ್ಕೊಂಡು ಹೋಗೇ ಮಾರಾಯ್ತಿ, ನಂಗೆ ನಕ್ಕು ನಕ್ಕು ಪಕ್ಕೆ ಹಿಡ್ಕೊಳ್ತು" ಎನ್ನುತ್ತಿದ್ದಳು.

ಆ ಅನೀಸ್ಯಾ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಅಂದಿನಿಂದ ಗವ್ರಿಲನ ಬಾಯಿಗೆ ಬೀಗ. ಮಾತು ಬೆಳ್ಳಿ ಮೌನ ಬಂಗಾರ ಎಂದು ಗಾದೆ ಕಟ್ಟಿದವನು ಆ ಮನೆಗೆ ಒಂದು ಸಲ ಬಂದು ಕೂತಿದ್ದರೆ ತಾನೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ. ಫೆದೋಸ್ಯಾ ಬಂದು ಏನೇನೋ ಕೆಣಕಿದಳು. "ಗಡ್ಡ ನೋಡು, ಕಸ್ತೂರಿ ಎತ್ತಿನ ಜೂಲು ಇದ್ದಂಗಿದೆ" ಎಂದಳು. ಅವನು ನಗಲಿಲ್ಲ, ತಿರುಗಿ ಕೊಡಲಿಲ್ಲ. ಕೆಣಕಿದ ಮಾತು ಅವಳ ಕೈಗೇ ವಾಪಸು ಬಂತು. ಮನೆಗೆ ಹೋಗಿ ಅತ್ತಳು, ಸುಳ್ಳೇಕೆ.

ಯಾಕೆಂದರೆ ಒಂದು ಕಾಲದಲ್ಲಿ ಅವಳಿಗೆ ಹೀಗೆ ಕೆಣಕಿ ಕಾಲೆಳೆಯುವ ಮನೆತುಂಬ ಜನ. ಮೊದಮೊದಲು ಊರಿಗೆ ಮೂರು ಚಕ್ರದ ಹೋಂಡಾ ಬಂದಾಗ ಅವಳು ಹೊಸ ಮದುಮಗಳು. ಗಂಡ ಇಲ್ಲಾರಿಯನ್ ಜತೆ ಅಂಗಳದಲ್ಲಿ ಕೂತು ಟೈರು ಬಿಚ್ಚುವುದು ಕಲಿತಳು. ಅವಳು ಟೈರು ಎಬ್ಬಿಸುವ ಲಿವರ್ ಹಿಡಿದರೆ ಸಾಕು, ಅತ್ತೆ ಮಕ್ಕಳು ಮಾವನ ಮಕ್ಕಳೆಲ್ಲ ಹಬೆಸ್ನಾನದ ಮನೆಯಿಂದ ಕೆಂಪಗೆ ಬೆಂದು ಬಂದವರು ಬೇಲಿಗೆ ಒರಗಿ ನಿಲ್ಲುತ್ತಿದ್ದರು. ಒಬ್ಬ ಹೀಗಂದರೆ ಇನ್ನೊಬ್ಬಳು ಹಾಗನ್ನುವಳು. ಕೆಲಸ ಒಂದು ಗಳಿಗೆಯದು, ನಗು ಸಂಜೆಯವರೆಗೆ. ಒಂದು ದಿನ ಹಟಮಾರಿ ಟೈರಿಗೆ ಇಲ್ಲಾರಿಯನ್ ಇಂಜಿನ್ ಹೊತ್ತಿಸುವ ಸ್ಪ್ರೇ ಹೊಡೆದು ಕಡ್ಡಿ ಗೀರಿದ. ಢಂ ಎಂದು ಟೈರೇನೋ ಕೂತಿತು, ಅವನ ಹುಬ್ಬು ಮಾತ್ರ ಹೋಯಿತು. "ನನ್ನಂಥೋನ್ನ ಬಿಟ್ಟು ಹುಬ್ಬಿಲ್ಲದೋನ್ನ ಕಟ್ಕೊಂಡ್ಯಲ್ಲೇ" ಎಂದು ಗವ್ರಿಲ ಎದೆ ಬಡಿದುಕೊಂಡದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಎಂಥ ದಿನಗಳು ಅವು! ಹೊಳೆಯಲ್ಲಿ ಮೀನು ತುಂಬಿರುತ್ತಿತ್ತು, ಅಂಗಳದಲ್ಲಿ ಜನ ತುಂಬಿರುತ್ತಿದ್ದರು.

ಈಗ ಬೇಲಿ ಇದೆ, ಒರಗುವವರಿಲ್ಲ. ಒಬ್ಬ ಹೊಳೆಯ ಪಾಲಾದ, ಒಬ್ಬಳು ಕಾಯಿಲೆಗೆ ಹೋದಳು, ಉಳಿದವರನ್ನು ಮುಪ್ಪು ಒಯ್ದಿತು. ಇಲ್ಲಾರಿಯನ್ನೂ ಹೋದ. ಫೆದೋಸ್ಯಾಳಿಗೆ ಮಕ್ಕಳಿದ್ದಾರೆ, ಮೊಮ್ಮಕ್ಕಳಿದ್ದಾರೆ, ಎಲ್ಲರೂ ಮರ್ಯಾದೆಯಿಂದಲೇ ನೋಡಿಕೊಳ್ಳುತ್ತಾರೆ. ಅದೇ ಸಂಕಟ. ಅವಳನ್ನು ಪೆದ್ದಿ ಎನ್ನುವ ಹಕ್ಕಿದ್ದವರಲ್ಲಿ ಭೂಮಿಯ ಮೇಲೆ ಉಳಿದವನು ಗವ್ರಿಲ ಒಬ್ಬನೇ. ಅವನೂ ಹೀಗೆ ಕಿಟಕಿಗೆ ಅಂಟಿಕೊಂಡು ಕಲ್ಲಾದರೆ ಅವಳದು ಹೇಳುವವರು ಕೇಳುವವರಿಲ್ಲದ ಬಾಳು. ಮರ್ಯಾದೆ ತಿನ್ನುತ್ತ ಸಾಯಬೇಕು ಅಷ್ಟೇ.

ಟೈರು ತರಿಸಿದ್ದು ಅನೀಸ್ಯಾಳ ಹಟ. ಊರಾಚೆ ಮರವಿಲ್ಲದ ತುಂಡ್ರಾ ಬಯಲಿನ ಒಳಗೆ, ಎರಡು ತೊರೆ ದಾಟಿ, ಅವಳ ತವರಿನವರು ತಲೆತಲಾಂತರದಿಂದ ಹಣ್ಣು ಕೀಳುವ ದಿಣ್ಣೆಯೊಂದಿದೆ. ಅಲ್ಲಿನ ಹೊಂಬಣ್ಣದ ಹಣ್ಣು ಹೆಬ್ಬೆರಳಿನಷ್ಟು ದಪ್ಪ. ಕೊಬ್ಬಿನ ಜತೆ ಕಡೆದು ಅಕುತಕ್ ಮಾಡಿದರೆ ಸತ್ತವರೂ ಎದ್ದು ಬಟ್ಟಲು ಚಾಚಬೇಕು. ಹಳೆಯ ಟೈರು ಬೋಳಾಗಿ ಕೆಸರಲ್ಲಿ ಹೂತು ಒಂದು ವರ್ಷ ಅಲ್ಲಿಗೆ ಹೋಗಲಾಗಲಿಲ್ಲವೆಂದು ಅವಳು ಗಂಡನ ಬೆನ್ನು ಬಿದ್ದು ತರಿಸಿದಳು. ಅವು ವಿಮಾನದಿಂದ ಇಳಿಯುವಾಗ ಅವಳಿರಲಿಲ್ಲ. ಈಗ ಹಣ್ಣು ಮಾಗಿದೆ. ಒಂದು ಹಿಮ ಬಿದ್ದರೆ ನೀರಾಗಿ ಹೋಗುತ್ತದೆ. ಗವ್ರಿಲನನ್ನು ಆ ದಿಣ್ಣೆಗೆ ಕರೆದೊಯ್ದರೆ ಏನಾದರೂ ಆದೀತು ಎಂದು ಫೆದೋಸ್ಯಾಳ ಆಸೆ. ಏನಾದೀತು ಎಂದು ಕೇಳಿದರೆ ಅವಳಿಗೂ ಗೊತ್ತಿಲ್ಲ.

ಮಾವ್ರಾ ಎಳೆದು ತಂದು ಒಂದರ ಮೇಲೊಂದು ಒಟ್ಟಿದ ಟೈರುಗಳನ್ನು ನೋಡಿ ಅವಳಿಗೆ ಸಿಟ್ಟೇ ಬಂತು. ದಾರಿಯಲ್ಲಿ ಯಾವನೋ ಅವುಗಳ ಮೇಲೆ ಭಾರ ಹೇರಿ ಅಪ್ಪಚ್ಚಿ ಮಾಡಿದ್ದ. ಎರಡಂಚೂ ತುಟಿ ಬಿಗಿದ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಹೀಗಿದ್ದರೆ ಗಾಳಿ ನಿಲ್ಲುವುದಿಲ್ಲ. ಮೊದಲು ನಾಲ್ಕಕ್ಕೂ ನಡುವೆ ಸೌದೆ ತುಂಡು ತುರುಕಿ ಬಾಯಿ ಅಗಲಿಸಿ ಬಿಸಿಲಿಗೆ ಇಟ್ಟಳು. ಆಮೇಲೆ ಗವ್ರಿಲನ ಗಾಡಿಯನ್ನು ಜಾಕಿ ಕೊಟ್ಟು ಎತ್ತಿ, ದಿಮ್ಮಿಯ ಮೇಲೆ ನಿಲ್ಲಿಸಿ, ಚಕ್ರ ಕಳಚಿದಳು. ಹಳೆಯ ಟೈರು ತುಕ್ಕಿನ ಜತೆ ಸಂಸಾರ ಹೂಡಿ ರಿಮ್ಮಿಗೆ ಕಚ್ಚಿಕೊಂಡಿತ್ತು. ಅದರ ಮೇಲೆ ಹಲಗೆ ಇಟ್ಟು, ಹಲಗೆಯ ಮೇಲೆ ತನ್ನ ಹೋಂಡಾ ಹತ್ತಿಸಿದಳು. ಚಟ್ ಎಂದು ಬಿಟ್ಟಿತು.

"ಕೇಳಿಸ್ತೇನೋ ನನ್ನ ಪುಟ್ಟ ಗಂಡ?" ಕಿಟಕಿಯ ಕಡೆ ಕೂಗಿದಳು. "ನಿನ್ನ ಹಲ್ಲು ಉದುರಿದ ಸದ್ದಲ್ಲ, ಟೈರಿಂದು!"

ಗಾಜಿನ ಹಿಂದೆ ಬಿಳಿ ಗಡ್ಡ ಅಲುಗಲಿಲ್ಲ.

ರಿಮ್ಮಿನ ಅಂಚನ್ನು ತಂತಿ ಬ್ರಷ್ಷಿನಿಂದ ತಿಕ್ಕಿದಳು. ಅಲ್ಲಿ ಒಂದು ಚೂರು ತುಕ್ಕಿದ್ದರೂ ಗಾಳಿ ನುಸುಳುತ್ತದೆ, ತುಂಡ್ರಾದ ನಡುವೆ ಚಕ್ರ ಚಪ್ಪಟೆಯಾದರೆ ಕರಡಿಯೇ ಬಂದು ತಳ್ಳಬೇಕು. ಹೊಸ ಟೈರಿಗೆ ಸೋಪಿನ ನೀರು ಬಳಿದು, ಒಂದಂಚನ್ನು ಮೊಣಕಾಲಿನಲ್ಲಿ ಒತ್ತಿ ಇಳಿಸಿ, ಇನ್ನೊಂದನ್ನು ಲಿವರ್‌ನಿಂದ ಮೆಲ್ಲಗೆ ಎಬ್ಬಿಸಿ ಎಬ್ಬಿಸಿ ದಾಟಿಸಿದಳು. ಗಾಳಿ ತುಂಬಿದರೆ ಹುಸ್ಸೆಂದು ಸುತ್ತಲಿಂದಲೂ ಸೋರಿತು. ಅವಳು ಇದನ್ನೆಲ್ಲ ಎಷ್ಟು ಕಂಡಿಲ್ಲ! ಟೈರಿನ ನಡುಬೆನ್ನಿಗೆ ಹಗ್ಗ ಸುತ್ತಿ, ಹಗ್ಗಕ್ಕೆ ಕೋಲು ತೂರಿಸಿ, ಒದ್ದೆ ಬಟ್ಟೆ ಹಿಂಡುವಂತೆ ತಿರುಚಿದಳು. ನಡು ಕುಗ್ಗಿತು, ಎರಡಂಚೂ ಹೊರಗೆ ಉಬ್ಬಿ ರಿಮ್ಮಿಗೆ ತಾಗಿದವು. ವಾಲ್ವಿನ ಪಿನ್ನು ಬಿಚ್ಚಿ ಪಂಪು ಹಚ್ಚಿ, ಅಂಚು ಹಿಡಿದದ್ದೇ ಹಗ್ಗ ಸಡಿಲಿಸಿ, ಕೈ ದೂರ ಇಟ್ಟು ಕಾದಳು. ಟಪ್. ಇನ್ನೊಂದು ಕಡೆ ಟಪ್. ಆ ಎರಡು ಸದ್ದು ಕೇಳಿದಾಗ ಅವಳಿಗೆ ಈಗಲೂ ಹೊಸ ಮದುಮಗಳ ಖುಷಿ. ಹಿಂದೆಲ್ಲ ಆ ಸದ್ದಿಗೆ ಬೇಲಿಯ ಕಡೆಯಿಂದ ಹೋ ಎಂದು ಕೂಗು ಬರುತ್ತಿತ್ತು. ಇವತ್ತು ದೂರದಲ್ಲಿ ಒಂದು ನಾಯಿ ಬೊಗಳಿತು, ಅಷ್ಟೇ.

ಒಂದೊಂದಾಗಿ ನಾಲ್ಕನ್ನೂ ಕೂರಿಸಿದಳು. ಗಾಡಿಗೆ ಬಿಗಿದಳು. ಜವುಗಿನ ಮೇಲೆ ಅಗಲವಾಗಿ ಊರುವಂತೆ ಗಾಳಿಯನ್ನು ಬೆರಳಿಗೆ ಮೆತ್ತಗಾಗುವಷ್ಟಕ್ಕೆ ಇಳಿಸಿದಳು. ಕೈ ಕೆಲಸದ ಮೇಲಿದ್ದರೂ ಕಣ್ಣು ಮಾತ್ರ ಮತ್ತೆ ಮತ್ತೆ ಕಿಟಕಿಗೇ ಹೋಗುತ್ತಿತ್ತು.

ಅಷ್ಟರಲ್ಲಿ ಮುದುಕ ನಿಕಿತಾ ಬಲೆ ಹೊತ್ತುಕೊಂಡು ಬಂದ. ಗಾಡಿಯನ್ನು ಒಂದು ಸುತ್ತು ಹಾಕಿದ. ಎಡಗಡೆ ನಿಂತು ನೋಡಿದ, ಬಲಗಡೆ ನಿಂತು ನೋಡಿದ, ಮೂಗು ಕೆರೆದುಕೊಂಡ.

"ಹೊಸ ಟೈರು," ಎಂದ.

"ಹೂಂ, ಹೆಂಗಿದೆ?"

"ಕಪ್ಪಗಿದೆ." ಸ್ವಲ್ಪ ಹೊತ್ತು ಹೊಳೆಯ ಕಡೆ ನೋಡಿದ. "ನಮ್ಮ ಚಿಕ್ಕಪ್ಪ ಒಬ್ಬ ಇದ್ದ. ಸೀಲ್ ತೊಗಲಿನ ಬೂಟು ಹೊಲಿಸ್ಕೊಂಡ. ಎರಡೂ ಬಲಗಾಲಿಂದೇ."

"ಅಯ್ಯೋ ಪಾಪ. ನಡಿಯೋಕೆ ಕಷ್ಟ ಆಗಿರ್ಬೇಕು."

"ಒಂದು ಕಾಲಿಗೆ ಚೆನ್ನಾಗೇ ಇತ್ತು," ಎಂದು ನಿಕಿತಾ ಬಲೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿ ಹೊರಟುಹೋದ.

ವಯಸ್ಸಾಯಿತು ಪಾಪ, ಏನೇನೋ ನೆನಪಾಗುತ್ತದೆ ಎಂದುಕೊಂಡಳು ಫೆದೋಸ್ಯಾ. ಆಮೇಲೆ ಮಾವ್ರಾ ಚಹಾ ತಂದಳು. ಗಾಡಿ ನೋಡಿದಳು, ತುಟಿ ಕಚ್ಚಿದಳು, "ಸಕ್ಕರೆ ಸಾಕಾ ಅತ್ತೆ?" ಎಂದಳು. ಮೀನಿನ ಬುಟ್ಟಿ ಹೊತ್ತ ಇಬ್ಬರು ಹೆಂಗಸರು ಹಲಗೆ ಹಾದಿಯಲ್ಲಿ ನಿಂತು, ನೋಡಿ, ಇವತ್ತು ಸೊಳ್ಳೆ ಕಮ್ಮಿ ಎಂದು ಹೇಳಿ ನಡೆದರು. ಎಲ್ಲರೂ ನೋಡುವವರೇ, ಯಾರೂ ಏನೂ ಅನ್ನುವವರಿಲ್ಲ. ಫೆದೋಸ್ಯಾಳಿಗೆ ಒಳಗೊಳಗೇ ಇರಿಸುಮುರಿಸಾಯಿತು. ಏನೋ ತಪ್ಪಾಗಿದೆ. ಏನು ಎಂದು ಕೇಳೋಣವೆಂದರೆ ಯಾರನ್ನು ಕೇಳುವುದು? ಕೇಳಿದರೂ ಹೇಳುವುದಿಲ್ಲ. ಚಹಾ ಲೋಟ ಹಿಡಿದು ತಾನೇ ಮಾಡಿದ ಕೆಲಸದ ಮುಂದೆ ಕೂತಳು. ಕಣ್ಣಿಗೆ ಏನೂ ಕಾಣಲಿಲ್ಲ. ಮುಪ್ಪು ಎಂದರೆ ಇದೇ ಏನೋ ಎನ್ನಿಸಿತು.

ಟಕ್ ಟಕ್ ಟಕ್.

ಕಿಟಕಿಯ ಗಾಜು. ತಲೆಯೆತ್ತಿ ನೋಡಿದರೆ ಗವ್ರಿಲ ಬೆರಳಲ್ಲಿ ಕುಟ್ಟುತ್ತಿದ್ದಾನೆ. ಆಮೇಲೆ ಅಲ್ಲಿಂದ ಮಾಯವಾದ. ಬಾಗಿಲು ಕಿರ್ರೆಂದಿತು. ಒಳಅಂಗಿಯ ಮೇಲೆಯೇ, ಕಾಲಿಗೆ ಮಗಳ ಚಪ್ಪಲಿ ಸಿಕ್ಕಿಸಿಕೊಂಡು, ಮೆಟ್ಟಿಲಿಳಿದು ಬಂದ. ಅಷ್ಟು ತಿಂಗಳಲ್ಲಿ ಅವನು ಇಷ್ಟು ಸೊರಗಿದ್ದಾನೆಂದು ಬೆಳಕಿನಲ್ಲಿ ನೋಡಿದಾಗಲೇ ಅವಳಿಗೆ ಗೊತ್ತಾದದ್ದು. ಅವನು ಗಾಡಿಯ ಎಡಕ್ಕೆ ನಿಂತ. ಬಲಕ್ಕೆ ಹೋದ. ಗಂಟಲು ಸರಿಮಾಡಿಕೊಂಡ. ದನಿ ತುಕ್ಕು ಹಿಡಿದಿತ್ತು.

"ಏ ನನ್ನ ಪುಟ್ಟ ಹೆಂಡ್ತಿ."

"ಏನೋ?"

"ಬಲಗಡೆ ಚಕ್ರ ಹಣ್ಣಿನ ದಿಣ್ಣೆಗೆ ಹೊರಟಿವೆ. ಎಡಗಡೆಯವು ಹೊಳೆಗೆ ವಾಪಸ್ ಹೊರಟಿವೆ. ನಾನು ನಡುವೆ ಕೂತು ಏನ್ ಮಾಡ್ಲಿ? ಅಂಗಳದಲ್ಲೇ ಗಿರಗಿಟ್ಲೆ ಆಡ್ಲಾ?"

ಫೆದೋಸ್ಯಾ ಬಗ್ಗಿ ನೋಡಿದಳು. ಹಳೆಯ ಟೈರುಗಳಿಗೆ ಹಿಂದು ಮುಂದು ಇರಲಿಲ್ಲ. ಹೆಂಗೆ ಹಾಕಿದರೂ ಒಂದೇ. ಇವಕ್ಕೆ ಉರುಳುವ ದಿಕ್ಕು ತೋರಿಸುವ ಬಾಣದ ಗುರುತಿತ್ತು. ಅವಳು ಅಟ್ಟಿಯಿಂದ ಎತ್ತಿದ ಹಾಗೇ, ನಾಲ್ಕಕ್ಕೂ ಒಂದೇ ಮಗ್ಗುಲು ಹೊರಗೆ ಮಾಡಿ ಕೂರಿಸಿದ್ದಳು. ಬಲಗಡೆಯ ಬಾಣ ಮುಂದಕ್ಕೆ, ಎಡಗಡೆಯದು ಹಿಂದಕ್ಕೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಸಾಕ್ಷಾತ್ ಅದೇ.

"ಬೆಳಿಗ್ಗೆಯಿಂದ ನೋಡ್ತಿದೀನಿ," ಗವ್ರಿಲ ಈಗ ದನಿ ಏರಿಸಿದ. "ಎರಡನೇದಕ್ಕೆ ಗೊತ್ತಾಗುತ್ತೆ ಅಂದ್ಕೊಂಡೆ. ಮೂರನೇದಕ್ಕಾದ್ರೂ ಗೊತ್ತಾಗುತ್ತೆ ಅಂದ್ಕೊಂಡೆ. ನಾಲ್ಕೂ ಹಾಕಿ, ಗಾಳಿ ತುಂಬಿ, ಮಹಾರಾಣಿ ಥರ ಕೂತು ಚಹಾ ಬೇರೆ ಕುಡೀತಾಳೆ! ಇಡೀ ಊರು ಬಂದು ನೋಡ್ಕೊಂಡು ಹೋಯ್ತು. ಹೊಟ್ಟೇಲಿ ನಗು ಇಟ್ಕೊಂಡು ಎಷ್ಟು ಜನ ಸಾಯ್ಬೇಕೇ?"

ಅವಳು ಬಾಯಿ ತೆರೆದಳು. ತಿರುಗಿ ಕೊಡಬೇಕು, ಅದು ಪದ್ಧತಿ. ಅದರ ಬದಲು ಕೆಸರಿನಲ್ಲೇ ಕೂತುಬಿಟ್ಟು, ಸೋಪಿನ ಕೈಯಲ್ಲಿ ಮುಖ ಮುಚ್ಚಿ ಅಳತೊಡಗಿದಳು. ಬಾಗಿಲಲ್ಲಿ ನಿಂತ ಮಾವ್ರಾ ಕೂಡ ಅತ್ತಳು. ಗವ್ರಿಲ ದಿಕ್ಕೆಟ್ಟು ಒಂದು ಚಪ್ಪಲಿ ಕಳಚಿಕೊಂಡು ನಿಂತ.

"ಏ, ಇದೇನೇ. ಟೈರಿಗೆ ಯಾರಾದ್ರೂ ಅಳ್ತಾರಾ?"

"ಸೋಪು ಕಣ್ಣಿಗೆ ಹೋಯ್ತು. ಮುಚ್ಕೊಂಡು ಲಿವರ್ ಹಿಡಿ."

ಎಡಗಡೆಯವೆರಡನ್ನು ಮತ್ತೆ ಕಳಚಬೇಕಾಯಿತು. ಬಿಗಿಯಾಗಿ ಕೂತ ಅಂಚು ಬಿಡಿಸುವುದು ಕೂರಿಸುವುದಕ್ಕಿಂತ ಹೆಚ್ಚಿನ ಪಾಡು. ಗವ್ರಿಲ ಮೊದಲು ಬರೀ ಹಲಗೆ ಹಿಡಿದ, ಆಮೇಲೆ ಮಂಡಿಯೂರಿದ, ಆಮೇಲೆ ಲಿವರ್ ಅವಳ ಕೈಯಿಂದ ಕಿತ್ತುಕೊಂಡ. ಇಬ್ಬರದೂ ಏದುಸಿರು. ಹಗ್ಗ ತಿರುಚುವಾಗ ಅವನು ತಲೆಯೆತ್ತದೆ ಹೇಳಿದ:

"ಈ ಟೈರು ಬೇಡ ಅಂದಿದ್ದೆ ನಾನು. ಅವಳೇ ಹಟ ಹಿಡಿದ್ಲು."

"ಗೊತ್ತು."

"ನಾನು ನಿನ್ನ ಗೇಲಿ ಮಾಡ್ತಿದ್ದಿದ್ದು ಅವಳು ನಗ್ಲಿ ಅಂತಾನೇ, ಫೆದೋಸ್ಯಾ. ಒಲೆ ಹತ್ರ ಅವಳು ನಗೋದು ಕೇಳಿಸ್ಬೇಕು, ಅದಕ್ಕೆ. ಈ ವರ್ಷ ನೀನು ಬಂದಾಗೆಲ್ಲ ಬಾಯಿಗೆ ಬರ್ತಿತ್ತು. ಹೇಳಿದ್ಮೇಲೆ ಆ ಕಡೆಯಿಂದ ನಗು ಬರಲ್ವಲ್ಲ ಅಂತ ನುಂಗ್ಕೊಂಡೆ."

ಫೆದೋಸ್ಯಾ ಕೋಲು ಹಿಡಿದ ಕೈ ಬಿಡಲಿಲ್ಲ. ಬಿಟ್ಟರೆ ಹಗ್ಗ ಸಡಿಲಾಗುತ್ತಿತ್ತು.

"ನಗ್ತಿದ್ದೋಳು ಅವಳು, ನಿಜ," ಎಂದಳು. "ಅನ್ನಿಸ್ಕೊಳ್ತಿದ್ದೋಳು ನಾನಲ್ವೇನೋ? ನಾನಿನ್ನೂ ಇದೀನಲ್ಲೋ. ಎಲ್ಲಾ ಹೋದ್ರು, ನಂಗೆ ಹೇಳೋಕೆ ಇರೋನು ನೀನೊಬ್ನೇ. ನೀನೂ ನುಂಗ್ಕೊಂಡು ಕೂತ್ರೆ ನಾನು ಇಂಥ ಟೈರು ಎಷ್ಟು ಹಾಕ್ಲಿ?"

ಗವ್ರಿಲ ವಾಲ್ವಿನ ಪಿನ್ನು ಬಿಚ್ಚಿದ. ಪಂಪು ಹಚ್ಚಿದ. ಟಪ್ ಎಂದಿತು, ಮತ್ತೆ ಟಪ್ ಎಂದಿತು. ಅವನು ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡು ಮಗಳನ್ನು ಕೂಗಿ ಬೂಟು, ಬಕೆಟ್ಟು ತರಲು ಹೇಳಿದ.

ಮಧ್ಯಾಹ್ನ ಇಬ್ಬರೂ ಹೊರಟರು. ಅವನು ಮುಂದೆ, ಅವಳು ಹಿಂದೆ, ಬಕೆಟ್ಟು ಅವಳ ತೊಡೆಯ ಮೇಲೆ. ಹಲಗೆ ಹಾದಿ ಮುಗಿದು ತುಂಡ್ರಾ ಶುರುವಾದಲ್ಲಿ ಹೊಸ ಟೈರು ಮೆತ್ತಗೆ ಊರಿ ಹೂತುಹೋಗದೆ ಸಾಗಿತು. ಗವ್ರಿಲನ ಬಾಯಿಯ ಬೀಗ ಕಳಚಿತ್ತು. ಅವಳು ಗಾಡಿ ಹತ್ತುವ ರೀತಿ, ಅವಳ ಭಾರ, ಅವಳ ತಲೆವಸ್ತ್ರ, ಅವಳು ಮೀನು ಸೀಳುವ ಚಂದ, ಒಂದನ್ನೂ ಗೇಲಿ ಮಾಡದೆ ಬಿಡಲಿಲ್ಲ. ಮೊದಲ ತೊರೆ ದಾಟಿದರೂ ನಿಲ್ಲಿಸಲಿಲ್ಲ. ಊರಲ್ಲೆಲ್ಲ ಹರಿತ ನಾಲಿಗೆಯವಳೆಂದು ಹೆಸರಾದ ಫೆದೋಸ್ಯಾ ಒಂದಕ್ಕೂ ತಿರುಗಿ ಕೊಡದೆ ಅವನ ಬೆನ್ನಿಗೆ ಕೆನ್ನೆ ಆನಿಸಿ ಕೂತಿದ್ದಳು.

ಎರಡನೆಯ ತೊರೆಯ ಹತ್ತಿರ ಅವನಿಗೆ ಅನುಮಾನ ಬಂತು. ಗಾಡಿ ನಿಧಾನ ಮಾಡಿ ಹಿಂದಕ್ಕೆ ಕೂಗಿದ. "ಏನೇ, ಕಿವಿನೂ ಹೋಯ್ತಾ?"

"ಕೇಳಿಸ್ತಿದೆ," ಎಂದಳು ಅವಳು. "ಇನ್ನೂ ಹೇಳು."